ಅರವತ್ತು ವಾಕ್ಯಗಳ ಡೆಮೊ

ಪ್ರಾಜೆಕ್ಟುಗಳ ಗಡುವು ಕಾಯುವುದೇ ಕಸುಬಾದ ನನಗೆ 1954ರ ಒಂದು ಡೆಮೊ ಬಹಳ ಪರಿಚಿತ ಎನಿಸುತ್ತದೆ. ಜನವರಿ 7ರಂದು ನ್ಯೂಯಾರ್ಕಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ, ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಐಬಿಎಂ 701 ಕಂಪ್ಯೂಟರಿನಿಂದ ಇಂಗ್ಲಿಷಿಗೆ ಅನುವಾದಿಸಿ ತೋರಿಸಿದವು. ಯಂತ್ರಕ್ಕೆ ಗೊತ್ತಿದ್ದದ್ದು 250 ಪದ, 6 ವ್ಯಾಕರಣ ನಿಯಮ. ವಾಕ್ಯಗಳನ್ನೂ ಅದಕ್ಕೆ ತಕ್ಕಂತೆಯೇ ಆರಿಸಿದ್ದರು. ಮೂರರಿಂದ ಐದು ವರ್ಷಗಳಲ್ಲಿ ಯಂತ್ರಾನುವಾದ ಕೈಗೂಡಬಹುದು ಎಂದರು ತಂಡದ ಮುಂದಾಳು ಲಿಯೋನ್ ಡೋಸ್ಟರ್ಟ್. ಶೀತಲ ಸಮರದ ಅಮೆರಿಕ ನಂಬಿತು, ಸರ್ಕಾರಿ ಹಣ ಹರಿಯಿತು.

ಪದಕೋಶ ಬೆಳೆದಂತೆ ತೊಡಕೂ ಬೆಳೆಯಿತು. ನಮ್ಮ 'ಕರಿ'ಯನ್ನೇ ನೋಡಿ: ಆನೆಯೋ, ಕಪ್ಪೋ, ಎಣ್ಣೆಯಲ್ಲಿ ಕರಿಯುವುದೋ? ನಮಗೆ ಸಂದರ್ಭ ಹೇಳಿಕೊಡುತ್ತದೆ. ಬೆರಳೆಣಿಕೆಯ ನಿಯಮಗಳಿಗೆ ಯಾರು ಹೇಳಬೇಕು?

1966ರಲ್ಲಿ ಆಲ್ಪ್ಯಾಕ್ ಸಮಿತಿಯ ವರದಿ ಬಂತು: ಯಂತ್ರಾನುವಾದ ಮನುಷ್ಯರದಕ್ಕಿಂತ ನಿಧಾನ, ದುಬಾರಿ, ನಿಖರತೆಯೂ ಕಡಿಮೆ. ಅಮೆರಿಕದಲ್ಲಿ ಹಣ ಬತ್ತಿತು. ಭಾಷೆಯ ಕುರಿತ ಮೂಲ ಸಂಶೋಧನೆಗೆ ಬೆಂಬಲ ಬೇಕು ಎಂದೂ ಅದೇ ವರದಿ ಹೇಳಿತ್ತು. ಆ ಮಾತು ಗದ್ದಲದಲ್ಲಿ ಮುಳುಗಿತು.

ಡೆಮೊ ಸುಳ್ಳಾಗಿರಲಿಲ್ಲ. ಅದನ್ನು ನಂಬಿ ಹಾಕಿಕೊಂಡ ಗಡುವು ಸುಳ್ಳಾಯಿತು. ಆ ಗಡುವಿಗೆ ದಂಡ ತೆತ್ತದ್ದು ಮಾತ್ರ ಸಂಶೋಧನೆ. ಇಂದಿನ ಎಐ ಡೆಮೊಗಳ ಮುಂದೆ ಕೂತಾಗ ನಾನು ಮೊದಲು ಕೇಳುವುದು ಇಷ್ಟೇ: ವಾಕ್ಯಗಳನ್ನು ಆರಿಸಿದವರು ಯಾರು?