ಕಂಚಿಯ ಕಂಬದಲ್ಲಿ ಕನ್ನಡ

ನಮ್ಮ ಕನ್ನಡ ಸಂಘಕ್ಕೆ ರಾಜ್ಯೋತ್ಸವ ಎಷ್ಟು ಕಾಯಮೋ ಕಂಚಿ ಯಾತ್ರೆಯೂ ಅಷ್ಟೇ ಕಾಯಂ. ಚೆನ್ನೈಯಿಂದ ಸುಮಾರು 75 ಕಿಲೋಮೀಟರ್. ಬೆಳಗಿನ ಜಾವ ಬಸ್ಸು ಹತ್ತಿದರೆ ಮೊದಲು ಕಾಮಾಕ್ಷಿ, ಆಮೇಲೆ ಏಕಾಂಬರನಾಥ, ಅಲ್ಲಿಂದ ವರದರಾಜ, ಚಿನ್ನದ ಹಲ್ಲಿ ಬೆಳ್ಳಿ ಹಲ್ಲಿ ಮುಟ್ಟುವುದು, ಊಟ, ಸೀರೆ ಅಂಗಡಿ, ರಾತ್ರಿಗೆ ಮನೆ. ಕೈಲಾಸನಾಥ ದೇವಸ್ಥಾನದ ಮಾತೆತ್ತಿದರೆ “ಟೈಮ್ ಸಿಕ್ಕರೆ ನೋಡೋಣ ಬಿಡಿ ಸಾರ್” ಎನ್ನುವವರೇ ಹೆಚ್ಚು. ಸ್ಮರಣ ಸಂಚಿಕೆಗೆ ಸಂಘದ ಯಾತ್ರೆಗಳ ಇತಿಹಾಸ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ನಮಗಿಂತ ಮೊದಲು ಕಂಚಿಗೆ ಹೋದ ಕನ್ನಡ ನಾಡಿನವರ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಸಿದೆ. ಅವರ ಪಟ್ಟಿ ನಮ್ಮ ಸದಸ್ಯರ ಪಟ್ಟಿಗಿಂತ ಸ್ವಾರಸ್ಯವಾಗಿದೆ.

ಮೊದಲನೆಯವನು ಓದಲು ಹೋದವನು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಅದರ ಮೇಲಿನ ಸಂಸ್ಕೃತ ಶಾಸನವನ್ನು ಬರೆದವನು ಕುಬ್ಜ ಎಂಬ ಕವಿ. ಐದನೇ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ ಕೊರೆದದ್ದು. ಅದರಲ್ಲಿರುವ ಕಥೆ ನಮ್ಮ ಶಾಲಾ ಪುಸ್ತಕಗಳಲ್ಲಿ ಬಂದು ಎಲ್ಲರಿಗೂ ಗೊತ್ತಿರುವಂಥದ್ದೇ: ಮಯೂರಶರ್ಮ ತನ್ನ ಗುರು ವೀರಶರ್ಮನ ಜತೆ ಪಲ್ಲವರ ರಾಜಧಾನಿಗೆ ಹೋಗಿ, ಅಲ್ಲಿನ ಘಟಿಕೆಯಲ್ಲಿ ವೇದಾಧ್ಯಯನ ಪೂರೈಸಲು ಸೇರಿದ. ಅಲ್ಲೊಂದು ಜಗಳವಾಯಿತು. ಜಗಳ ಕುದುರೆ ಸವಾರನ ಜತೆಗೋ, ಅಶ್ವಮೇಧದ ಸಂದರ್ಭದ್ದೋ, ವಿದ್ವಾಂಸರಲ್ಲಿ ಎರಡು ಮಾತಿದೆ. ಅವಮಾನ ಆಗಿದ್ದಂತೂ ನಿಜ. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಗಡಿ ಕಾಯುವ ಪಲ್ಲವ ಪಡೆಗಳನ್ನು ಸೋಲಿಸಿ ಶ್ರೀಪರ್ವತದ ಸುತ್ತಿನ ಕಾಡು ಹಿಡಿದ. ಬಾಣ ಅರಸರಿಂದ ಕಪ್ಪ ಕಸಿದ. ಕೊನೆಗೆ ಪಲ್ಲವರೇ ಅವನಿಗೊಂದು ನಾಡನ್ನು ಒಪ್ಪಿಸಿ ಸುಮ್ಮನಾದರು. ಬನವಾಸಿಯ ಕದಂಬರು ಹುಟ್ಟಿದ್ದು ಹೀಗೆ, ನಾಲ್ಕನೇ ಶತಮಾನದಲ್ಲಿ.

ಕನ್ನಡ ನಾಡಿನ ಮೊದಲ ರಾಜಮನೆತನದ ಬೀಜ ಬಿದ್ದದ್ದು ಕಂಚಿಯ ಒಂದು ವಿದ್ಯಾಸಂಸ್ಥೆಯ ಅಂಗಳದಲ್ಲಿ ಎಂಬುದನ್ನು ನಾವು ಓದಿಯೂ ಅಲ್ಲಿಗೆ ಹೋದಾಗ ನೆನೆಯುವುದಿಲ್ಲ. ಆ ಘಟಿಕೆಯ ಕಟ್ಟಡ ತೋರಿಸಿ ಎಂದರೆ ತೋರಿಸಲು ಏನೂ ಉಳಿದಿಲ್ಲ, ಅದಿರಲಿ. ಆದರೆ ಅದರ ಹೆಸರು ಉಳಿದಿರುವ ಒಂದು ಜಾಗ ಕಂಚಿಯಲ್ಲಿದೆ. ಹೆಸರು ಉಳಿದಿರುವುದೂ ಕನ್ನಡದಲ್ಲಿ! ಅಲ್ಲಿಗೆ ಬರುತ್ತೇನೆ.

ನಡುವೆ ಬಹಳ ಕಾಲ ಬರೀ ಯುದ್ಧ. ಚಾಲುಕ್ಯರ ಇಮ್ಮಡಿ ಪುಲಕೇಶಿ ಪಲ್ಲವರ ಮಹೇಂದ್ರವರ್ಮನನ್ನು ಕಂಚಿಯ ಕೋಟೆಯೊಳಗೆ ಅಟ್ಟಿದ್ದನ್ನು 634ರ ಐಹೊಳೆ ಶಾಸನ ಹೇಳಿಕೊಳ್ಳುತ್ತದೆ. ಮಹೇಂದ್ರವರ್ಮನ ಮಗ ನರಸಿಂಹವರ್ಮ 642ರಲ್ಲಿ ಬಾದಾಮಿಗೇ ನುಗ್ಗಿ ‘ವಾತಾಪಿಕೊಂಡ’ ಎನಿಸಿಕೊಂಡ. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಸವೆದ ಸ್ಥಿತಿಯಲ್ಲಿ ಈಗಲೂ ಇದೆ. ನೂರು ವರ್ಷದ ಮೇಲೆ ಚಾಲುಕ್ಯರ ಸರದಿ ಬಂತು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಸೋಲಿಸಿದನೆಂದು ಪಟ್ಟದಕಲ್ಲಿನ ಶಾಸನ ಹೇಳುತ್ತದೆ. ಎದುರಿಗಿದ್ದವನು ಇಮ್ಮಡಿ ನಂದಿವರ್ಮ, ಕಂಚಿಯ ವೈಕುಂಠ ಪೆರುಮಾಳ್ ಗುಡಿ ಕಟ್ಟಿಸಿದ ಅರಸ. ಅಜ್ಜಂದಿರ ಕಾಲದ ಸೇಡು ಚಾಲುಕ್ಯರ ಮನೆಯಲ್ಲಿ ಕೂತಿತ್ತು. ಊರು ಸುಡಲು, ಗುಡಿ ದೋಚಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ವಿಕ್ರಮಾದಿತ್ಯ ಗೆದ್ದು ಒಳಗೆ ಬಂದಾಗ ಕೈಲಾಸನಾಥ ದೇವಸ್ಥಾನ ಇನ್ನೂ ಹೊಸದು. ರಾಜಸಿಂಹ ಎಂಬ ಬಿರುದಿನ ಇಮ್ಮಡಿ ನರಸಿಂಹವರ್ಮ ಎಂಟನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ದೇವರಿಗೆ ಆಗಿನ ಹೆಸರು ರಾಜಸಿಂಹೇಶ್ವರ. ಪಾಯ ಗಟ್ಟಿ ಗ್ರಾನೈಟ್, ಮೇಲಿನದೆಲ್ಲ ಮರಳುಗಲ್ಲು. ಮರಳುಗಲ್ಲು ಬೇಗ ಉದುರುತ್ತದೆ, ಹಾಗಾಗಿ ಒಂದೊಂದು ಕಾಲದವರು ಒಂದೊಂದು ಬಗೆಯ ಗಾರೆ ಮೆತ್ತಿದ್ದಾರೆ. ಕೆಲವು ಸಿಂಹಗಳ ಮುಖ ಇದರಿಂದ ಊದಿಕೊಂಡಂತೆ ಕಾಣುತ್ತದೆ. ಹಿಂಗಾಲ ಮೇಲೆ ಎದ್ದು ನಿಂತ ಸಿಂಹಗಳೇ ಇಲ್ಲಿ ಕಂಬದ ಬುಡ. ಪ್ರಾಕಾರದ ಒಳಗೋಡೆಗೆ ಅಂಟಿಕೊಂಡು ಸುತ್ತಲೂ 58 ಪುಟ್ಟ ಗುಡಿಗಳು, ಒಬ್ಬರು ಕಾಲು ಮಡಿಚಿ ಕೂರುವಷ್ಟು ಜಾಗದವು. ಅವುಗಳ ಪಟ್ಟಿಕೆಯ ಮೇಲೆ ರಾಜಸಿಂಹ ತನ್ನ ಇನ್ನೂರಕ್ಕೂ ಹೆಚ್ಚು ಬಿರುದುಗಳನ್ನು ಕೊರೆಸಿಕೊಂಡಿದ್ದಾನೆ. ಒಂದು ಲಿಪಿ ಸಾಲದೆಂದು ನಾಲ್ಕು ಬಗೆಯ ಲಿಪಿಯಲ್ಲಿ! ತನ್ನ ಮೇಲೆ ಇಷ್ಟು ಅಭಿಮಾನವಿದ್ದ ಅರಸ ಇನ್ನೊಬ್ಬನಿರಲಿಕ್ಕಿಲ್ಲ. ಈ ಪುಟ್ಟ ಗುಡಿಗಳ ಗೋಡೆಗಳಲ್ಲಿ ಪಲ್ಲವರ ಕಾಲದ ಬಣ್ಣದ ಚಿತ್ರಗಳ ತುಣುಕುಗಳಿರುವುದನ್ನು 1931ರಲ್ಲಿ ಫ್ರೆಂಚ್ ವಿದ್ವಾಂಸ ಜೂವೋ ದುಬ್ರೆಯ್ ಗುರುತಿಸಿದ. ಬೆಳಗಿನ ಓರೆ ಬಿಸಿಲಿಗೆ ಕಣ್ಣು ಹೊಂದಿಸಿಕೊಂಡು ನೋಡಿದರೆ ಒಂದು ಕೆಂಪು ಗೆರೆ, ಒಂದು ಕಿರೀಟದ ಅಂಚು, ಅರ್ಧ ಮುಖ ಕಾಣುತ್ತವೆ.

ಗರ್ಭಗುಡಿಯ ಸುತ್ತ ಇಕ್ಕಟ್ಟಾದ ಪ್ರದಕ್ಷಿಣೆಯ ಓಣಿಯಿದೆ. ಬಾಗಿ, ಹೆಚ್ಚುಕಮ್ಮಿ ತೆವಳಿಯೇ ಒಳಹೊಕ್ಕು ಅದೇ ಥರ ಹೊರಬರಬೇಕು. ಬಂದವರಿಗೆ ಮರುಹುಟ್ಟು ಇಲ್ಲವೆಂದು ನಂಬಿಕೆ. ನಮ್ಮ ಯಾತ್ರಿಕರಲ್ಲಿ ಸ್ವಲ್ಪ ಮೈಯಿರುವವರು ಓಣಿಯ ಬಾಯಿ ನೋಡಿ, ಇನ್ನೊಂದು ಜನ್ಮ ಇದ್ದರೂ ಚಿಂತೆಯಿಲ್ಲ ಎಂದು ಹಿಂದೆ ಸರಿಯುತ್ತಾರೆ.

ನೋಡಲೇಬೇಕಾದದ್ದು ಮುಂದಿನ ಮಂಟಪದಲ್ಲಿದೆ. ಮೊದಲು ಈ ಮಂಟಪ ವಿಮಾನದಿಂದ ಬೇರೆಯಾಗಿಯೇ ನಿಂತಿತ್ತು, ನಡುವಿನ ಜಾಗವನ್ನು ಆಮೇಲಿನವರು ಮುಚ್ಚಿ ಸೇರಿಸಿದರು. ಅದರ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಶಾಸನವಿದೆ. ಭಾಷೆ ಕನ್ನಡ, ಲಿಪಿಯೂ ಕನ್ನಡದ್ದೇ. ಆದರೆ ಇಂದಿನ ಅಕ್ಷರ ಬಲ್ಲವರಿಗೆ ಅದು ನೇರವಾಗಿ ಓದಲು ಬರುವಂಥದ್ದಲ್ಲ. ಒಂದೆರಡು ಅಕ್ಷರ ಪರಿಚಿತ ಮುಖದಂತೆ ಕಂಡು ಮತ್ತೆ ಮರೆಯಾಗುತ್ತವೆ. ತಿರುಳು ಇಷ್ಟು: ಕಂಚಿಯನ್ನು ಗೆದ್ದ ವಿಕ್ರಮಾದಿತ್ಯ ರಾಜಸಿಂಹೇಶ್ವರದ ಸಂಪತ್ತನ್ನು ನೋಡಿ, ಅದನ್ನು ತೆಗೆದುಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟ. ಈ ಬರಹವನ್ನೂ ಈ ಧರ್ಮವನ್ನೂ ಕೆಡಿಸಿದವರಿಗೆ ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಗತಿಯಾಗಲಿ ಎಂಬ ಶಾಪ ಕೊನೆಗಿದೆ.

ಘಟಿಕೆ ಮತ್ತೆ ಬಂತು. ನಾಲ್ಕು ಶತಮಾನ ಹಿಂದೆ ಕನ್ನಡ ನಾಡಿನ ಹುಡುಗನೊಬ್ಬ ಸಿಟ್ಟಾಗಿ ಬಿಟ್ಟುಹೋದ ಸಂಸ್ಥೆ ಅದು. ನಮ್ಮ ನೆಲದಲ್ಲಿ ಸಿಗುವ ಶಾಸನಗಳಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ತಟ್ಟಲಿ ಎಂಬ ಶಾಪ ಮಾಮೂಲು. ಇಲ್ಲಿ ಗೆದ್ದ ಅರಸನ ಬರಹಗಾರ ವಾರಣಾಸಿಯ ತನಕ ಹೋಗದೆ, ಎದುರಾಳಿಯ ಊರಿನ ಪಂಡಿತರನ್ನೇ ಮುಟ್ಟಬಾರದ ಪವಿತ್ರರ ಜಾಗದಲ್ಲಿ ನಿಲ್ಲಿಸಿದ್ದಾನೆ.

ವಿಕ್ರಮಾದಿತ್ಯನ ಮಗ ಇಮ್ಮಡಿ ಕೀರ್ತಿವರ್ಮನ ತಾಮ್ರಪಟಗಳೂ ಇದನ್ನೇ ಹೇಳುತ್ತವೆ. ಕೋಲಾರದ ಹತ್ತಿರದ ವಕ್ಕಲೇರಿಯಲ್ಲಿ ಸಿಕ್ಕ 757ರ ಶಾಸನದ ಪ್ರಕಾರ ಅವನ ತಂದೆ ಕಂಚಿಯನ್ನು ಹಾಳುಮಾಡದೆ ಒಳಹೊಕ್ಕ, ದೀನರಿಗೂ ಬ್ರಾಹ್ಮಣರಿಗೂ ದಾನ ಮಾಡಿದ, ಗುಡಿಗಳಿಗೆ ಚಿನ್ನ ಮರಳಿಸಿದ. ಹೊಗಳಿಕೆಯ ಶಾಸನಗಳನ್ನು ಹಾಗೆ ಹಾಗೇ ನಂಬಬಾರದು ಎನ್ನುವವರಿದ್ದಾರೆ, ನಾನೂ ಆ ಪಕ್ಷದವನೇ. ಇಲ್ಲಿ ಮಾತ್ರ ನನ್ನ ಅನುಮಾನವನ್ನು ತಡೆಯುವ ಒಂದು ಸಂಗತಿಯಿದೆ. ಚಾಲುಕ್ಯ ಸೈನ್ಯ ವಾಪಸಾಯಿತು, ನಂದಿವರ್ಮ ಮತ್ತೆ ಗದ್ದುಗೆ ಹಿಡಿದು ದಶಕಗಳ ಕಾಲ ಕಂಚಿಯನ್ನು ಆಳಿದ. ತನ್ನ ಸೋಲನ್ನು ಸಾರುವ, ಪರಭಾಷೆಯ ಆ ಸಾಲುಗಳನ್ನು ಕೆತ್ತಿ ತೆಗೆಸಲು ಒಂದು ಉಳಿ, ಒಂದು ಮಧ್ಯಾಹ್ನ ಸಾಕಿತ್ತು. ಯಾರೂ ಆ ಕೆಲಸ ಮಾಡಲಿಲ್ಲ. ಚಿನ್ನ ನಿಜಕ್ಕೂ ಗುಡಿಯಲ್ಲೇ ಉಳಿದಿದ್ದರಿಂದ ಬರಹವೂ ಉಳಿಯಿತು ಎಂದು ನನ್ನ ಎಣಿಕೆ.

ಇದರ ಮುಂದಿನ ಅಧ್ಯಾಯ ಪಟ್ಟದಕಲ್ಲಿನಲ್ಲಿದೆ. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಗಂಡನ ಕಂಚಿ ವಿಜಯದ ನೆನಪಿಗೆ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ಗುಡಿ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ. ವಿಕ್ರಮಾದಿತ್ಯ ಕಂಚಿಯಿಂದ ಶಿಲ್ಪಿಗಳನ್ನು ಕರೆತಂದು ಇವನ್ನು ಕಟ್ಟಿಸಿದ ಎಂದು ಗೈಡುಗಳು ಸಲೀಸಾಗಿ ಹೇಳುತ್ತಾರೆ. ಆದರೆ ವಿರೂಪಾಕ್ಷದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲೇ ಕನ್ನಡ ಶಾಸನದಲ್ಲಿದೆ. ದ್ರಾವಿಡ ಶೈಲಿಯ ಮಾಲೆಗಿತ್ತಿ ಶಿವಾಲಯ ಬಾದಾಮಿಯಲ್ಲಿ ಅದಕ್ಕೂ ಮುಂಚೆಯೇ ಎದ್ದಿತ್ತು. ಕಂಚಿಯನ್ನು ಕಂಡು ಬಂದ ಕಣ್ಣು ವಿರೂಪಾಕ್ಷದಲ್ಲಿ ಇದೆ, ಒಪ್ಪುತ್ತೇನೆ. ಕೈ ಮಾತ್ರ ಮಲಪ್ರಭೆಯ ದಂಡೆಯದು.

ಇನ್ನು ವರದರಾಜನಿರುವ ವಿಷ್ಣು ಕಂಚಿ. ಇಲ್ಲಿಗೆ ಬರುವ ಮೇಲುಕೋಟೆ ಕಡೆಯವರಿಗೆ ಯಾರೂ ದಾರಿ ಹೇಳಬೇಕಿಲ್ಲ. ರಾಮಾನುಜರು ಶ್ರೀರಂಗಕ್ಕೂ ಅಲ್ಲಿಂದ ನಮ್ಮ ಮೇಲುಕೋಟೆಗೂ ಬರುವ ಮುಂಚೆ ಇದ್ದದ್ದು ಇಲ್ಲಿ. ವರದರಾಜನಿಗೆ ದೂರದ ಬಾವಿಯಿಂದ ನೀರು ಹೊತ್ತು ತರುವುದು ಅವರ ಸೇವೆಯಾಗಿತ್ತೆಂದು ಸಂಪ್ರದಾಯ. ಶ್ರೀವೈಷ್ಣವರ ಮಾತಿನಲ್ಲಿ ಶ್ರೀರಂಗಕ್ಕೆ ಬರೀ ‘ಕೋಯಿಲ್’, ಕಂಚಿಗೆ ‘ಪೆರುಮಾಳ್ ಕೋಯಿಲ್’. ವಿಜಯನಗರದ ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶ್ರವಣಬೆಳಗೊಳದ ಶಾಸನದಲ್ಲಿ, ತಿರುಮಲೆ ಮತ್ತು ಮೇಲುಕೋಟೆಯ ಜತೆ ಈ ಎರಡು ಹೆಸರುಗಳೂ ಬರುತ್ತವೆ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ ಕೊಟ್ಟ ಆ ತೀರ್ಪಿಗೆ ಕಂಚಿಯೂ ಒಂದು ಕಕ್ಷಿ.

ವಿಜಯನಗರದ ಅರಸರು ಕಂಚಿಗೆ ಕೊಟ್ಟದ್ದನ್ನು ಬರೆಯಹೊರಟರೆ ಈ ಸಂಚಿಕೆ ಸಾಲದು. ಏಕಾಂಬರನಾಥನ ದಕ್ಷಿಣ ರಾಜಗೋಪುರ ಕೃಷ್ಣದೇವರಾಯನದು, 1509ರದು, ಸುಮಾರು 190 ಅಡಿ. ವರದರಾಜನ ವಿಮಾನಕ್ಕೆ ಚಿನ್ನದ ಲೇಪ ಹಾಕಿಸಿದವನೂ ಅವನೇ. ಅವನ ತಮ್ಮ ಅಚ್ಯುತರಾಯ ಇಲ್ಲಿ ಮುತ್ತಿನ ತುಲಾಭಾರ ಮಾಡಿಸಿಕೊಂಡ. ಜನಕ್ಕೆ ಇದೆಲ್ಲಕ್ಕಿಂತ ನೆನಪಿರುವುದು ಅತ್ತಿ ವರದ. ಪುಷ್ಕರಿಣಿಯ ನೀರಿನಡಿ ಇರುವ ಅತ್ತಿಮರದ ಮೂರ್ತಿಯನ್ನು 40 ವರ್ಷಕ್ಕೊಮ್ಮೆ ಹೊರತೆಗೆಯುತ್ತಾರೆ. 1979 ಆದ ಮೇಲೆ 2019ರಲ್ಲಿ ಜುಲೈ 1ರಿಂದ 48 ದಿನ ದರ್ಶನವಿತ್ತು, ಮೊದಲು ಶಯನ, ಆಗಸ್ಟ್‌ನಲ್ಲಿ ನಿಂತ ಭಂಗಿ. ಮುಂದಿನದು 2059ಕ್ಕೆ. ಸಂಘದ ಮಕ್ಕಳು ಡೈರಿಯಲ್ಲಿ ಬರೆದಿಟ್ಟುಕೊಳ್ಳಲಿ.

ವರದರಾಜನ ನೈವೇದ್ಯದ ಇಡ್ಲಿಯ ಬಗ್ಗೆ ಬರೆಯದಿದ್ದರೆ ನಮ್ಮ ಸಂಘದ ಹೆಂಗಸರು ನನ್ನನ್ನು ಕ್ಷಮಿಸುವುದಿಲ್ಲ. ಅಕ್ಕಿ ಉದ್ದಿನ ಹಿಟ್ಟಿಗೆ ಮೆಣಸು, ಜೀರಿಗೆ, ಒಣಶುಂಠಿ, ತುಪ್ಪ ಸೇರಿಸಿ, ಎಲೆ ಹಾಸಿದ ಉದ್ದನೆಯ ಬಿದಿರು ಬುಟ್ಟಿಯಲ್ಲಿ ಹೊಯ್ದು ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಕೊರಡಿನಂಥ ಆ ಇಡ್ಲಿಯನ್ನು ಕತ್ತರಿಸಿ ಹಂಚುತ್ತಾರೆ. ಮೃದು ಇಡ್ಲಿ ತಿಂದು ಬೆಳೆದ ಬೆಂಗಳೂರಿಗರಿಗೆ ಮೊದಲ ತುತ್ತು ಒರಟು. ಮೆಣಸು ಗಂಟಲಿಗೆ ಇಳಿದ ಮೇಲೆ ಎರಡನೇ ತುಂಡಿಗೆ ಕೈ ಚಾಚುತ್ತಾರೆ. ಸೀರೆಯ ವಿಷಯ ನಾನು ಬರೆಯುವುದು ಕಡಿಮೆಯಿದೆ. ಒಡಲನ್ನೂ ಅಂಚನ್ನೂ ಬೇರೆ ಬೇರೆ ಲಾಳಿಯಲ್ಲಿ ನೇಯ್ದು ಮಗ್ಗದ ಮೇಲೇ ಕೂಡಿಸುವ ‘ಕೋರ್ವೈ’ ನೇಯ್ಗೆಗೆ ಹೆಚ್ಚಾಗಿ ಬರುವ ರೇಷ್ಮೆ ನೂಲು ಕರ್ನಾಟಕದ್ದು ಎಂಬುದನ್ನು ಮಾತ್ರ, ಚೌಕಾಶಿಗೆ ಅನುಕೂಲವಾಗಲೆಂದು, ಹೇಳಿಬಿಡುತ್ತೇನೆ.

ನಮ್ಮ ಬಸ್ಸು ಒಮ್ಮೆಯೂ ನಿಲ್ಲದ ಜಾಗ ಜಿನ ಕಂಚಿ. ಊರಿನ ಹೊರಗೆ, ವೇಗವತಿ ನದಿಯಾಚೆ ತಿರುಪ್ಪರುತ್ತಿಕುನ್ರಂ ಎಂಬ ಹಳ್ಳಿ. ಅಲ್ಲಿನ ತ್ರೈಲೋಕ್ಯನಾಥ ಬಸದಿಗೆ ಸಂಗೀತ ಮಂಟಪ ಕಟ್ಟಿಸಿದವನು ವಿಜಯನಗರದ ಇಮ್ಮಡಿ ಹರಿಹರನ ಮಂತ್ರಿ, ದಂಡನಾಯಕ ಇರುಗಪ್ಪ. ವರ್ಷ 1387, ತನ್ನ ಗುರು ಪುಷ್ಪಸೇನರ ಮಾತಿನಂತೆ. ಛಾವಣಿಯಲ್ಲಿ ವೃಷಭನಾಥ, ನೇಮಿನಾಥ, ವರ್ಧಮಾನರ ಕಥೆಗಳು ಸಾಲುಸಾಲಾಗಿ ಚಿತ್ರಿತವಾಗಿವೆ, ಕೆಳಗೆ ತಮಿಳಿನಲ್ಲಿ ವಿವರಣೆ. ಈಗ ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ಇರುಗಪ್ಪನಿಗಿಂತ ಬಹಳ ಈಚಿನವು. ಮಂಟಪದ ಕಂಬವೊಂದರಲ್ಲಿ ಕೈಮುಗಿದು ನಿಂತ ಸಣ್ಣ ಉಬ್ಬುಶಿಲ್ಪವನ್ನು ಇರುಗಪ್ಪನದೆಂದು ತೋರಿಸುತ್ತಾರೆ. ಇವನೇ ಹಂಪಿಯಲ್ಲಿ ಕುಂಥುನಾಥ ಜಿನಾಲಯ ಕಟ್ಟಿಸಿದವನು. ಕಂಪ್ಲಿ ರಸ್ತೆಯಲ್ಲಿ ಗಾಣಗಿತ್ತಿ ಗುಡಿ ಎಂದು ಜನ ಕರೆಯುವುದು ಅದನ್ನೇ, ಎದುರಿನ ದೀಪಸ್ತಂಭದಲ್ಲಿ ಅವನ ಶಾಸನವಿದೆ. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟೂ ಅವನ ಹೆಸರಿನಲ್ಲಿದೆ. ಹಂಪಿಯ ಅವನ ಗುಡಿಯಲ್ಲಿ ಈಗ ಮೂರ್ತಿಯಿಲ್ಲ, ಕಂಚಿಯ ಬಸದಿಯಲ್ಲಿ ಪೂಜೆ ನಡೆಯುತ್ತಿದೆ.

ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಅರಿಕೆ. ಕಂಚಿಯ ಗುಡಿಗಳು ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಮುಂದಿನ ಯಾತ್ರೆಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಮೊದಲು ಕೈಲಾಸನಾಥಕ್ಕೆ ಹೋಗೋಣ, ಸಂಜೆ ವಾಪಸಾಗುವ ಮುಂಚೆ ಜಿನ ಕಂಚಿಗೆ ಒಂದು ಗಂಟೆ ಇಡೋಣ. ಕಂಬದ ಶಾಸನದ ಪಾಠವನ್ನು ಹೊಸಗನ್ನಡದ ಅರ್ಥದೊಂದಿಗೆ ಒಂದು ಹಾಳೆಯಲ್ಲಿ ಅಚ್ಚುಹಾಕಿಸುವ ಖರ್ಚನ್ನು ನಾನು ಕೊಡುತ್ತೇನೆ.