ಎಳೆ ಜೋಳದ ವಿಷಕ್ಕೂ ಉಂಟು ಎಡ–ಬಲ

ಹರಪನಹಳ್ಳಿ ಸೀಮೆಯ ನೀಲಗುಂದ ಎಂದರೆ ಹಲವರಿಗೆ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ನೆನಪಾಗುತ್ತದೆ. ಗುಡಿಯ ಸುತ್ತಲಿನ ಹೊಲಗಳಿಗೂ ಒಂದು ಇತಿಹಾಸವಿದೆ. ಮಳೆ ನಂಬಿದ ಈ ಕಡೆ ಜೋಳ ಹಳೆಯ ಬೆಳೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕಾಗಲಿ, ಕೊಯ್ದ ಮೇಲೆ ಚಿಗುರಿದ ಕೂಳೆಗಾಗಲಿ ದನ ಬಿಡಬಾರದು ಎಂಬುದು ದನ ಕಾಯುವವರಿಗೆ ಗೊತ್ತು. ಮೇಯ್ದ ದನ ಏದುಸಿರು ಬಿಟ್ಟು, ನಡುಗಿ, ನೋಡನೋಡುತ್ತಲೇ ಬೀಳುತ್ತದೆ.

ಈಜಿಪ್ಟಿನ ರೈತರಿಗೂ ಇದೇ ಸಂಕಟವಿತ್ತು. ಅಲ್ಲಿಂದ ತರಿಸಿದ ಎಳೆ ಜೋಳವನ್ನು ಬ್ರಿಟನ್ನಿನ ಡನ್‌ಸ್ಟನ್ ಮತ್ತು ಹೆನ್ರಿ ಪರೀಕ್ಷಿಸಿ, 1902ರಲ್ಲಿ ವಿಷದ ಮೂಲವನ್ನು ತೋರಿಸಿದರು. ಜೋಳದ ಅರಬ್ಬಿ ಹೆಸರು ‘ಧುರ್ರಾ’. ಅದರಿಂದಲೇ ಆ ವಸ್ತುವಿಗೆ ‘ಧುರ್ರಿನ್’ ಎಂದು ಹೆಸರಾಯಿತು.

ಧುರ್ರಿನ್ ತಾನಾಗಿ ಕೊಲ್ಲುವುದಿಲ್ಲ. ಅದು ಇರುವುದು ಎಲೆಯ ಹೊರಪದರದ ಕೋಶಗಳಲ್ಲಿ. ಅದನ್ನು ಒಡೆಯುವ ಕಿಣ್ವಗಳು ಒಳಗಿನ ಕೋಶಗಳಲ್ಲಿ. ದನ ಅಗಿದಾಗ ಎರಡೂ ಕೂಡುತ್ತವೆ. ಮೊದಲ ಕಿಣ್ವ ಸಕ್ಕರೆಯನ್ನು ಬಿಡಿಸುತ್ತದೆ. ಹೈಡ್ರಾಕ್ಸಿನೈಟ್ರೈಲ್ ಲಯೇಸ್ ಎಂಬ ಎರಡನೆಯದು ಉಳಿದದ್ದನ್ನು ಸೀಳಿ ಆಲ್ಡಿಹೈಡ್ ಮತ್ತು ಹೈಡ್ರೋಜನ್ ಸಯನೈಡ್ ಮಾಡುತ್ತದೆ. ಸಯನೈಡ್ ಸೇರಿದ ಮೇಲೆ ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶ ಅದನ್ನು ಬಳಸಲಾರದು.

ಇದೇ ಕೆಲಸವನ್ನು ಕಹಿ ಬಾದಾಮಿಯ ಕಿಣ್ವವೂ ಮಾಡುತ್ತದೆ. 1908ರಲ್ಲಿ ರೋಸೆಂಥಾಲರ್ ಅದನ್ನು ತಿರುಗುಮುರುಗಾಗಿ ನಡೆಸಿದರು: ಆಲ್ಡಿಹೈಡಿಗೆ ಸಯನೈಡ್ ಕೂಡಿಸಿದರು. ಎಡಗೈ–ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳು ಹುಟ್ಟಬಹುದಿತ್ತು. ಕಿಣ್ವ ಹೆಚ್ಚಾಗಿ ಕೊಟ್ಟದ್ದು ಒಂದನ್ನೇ. ಬಾದಾಮಿಯದು ‘ಆರ್’ ರೂಪ, ಅಂದರೆ ಬಲ. ನಮ್ಮ ಜೋಳದ್ದು ‘ಎಸ್’, ಅಂದರೆ ಎಡ. ಗಿಡದೊಳಗೆ ಕೂಡಿಟ್ಟ ವಿಷದ ರೂಪವೂ ಹಾಗೆಯೇ: ಬಾದಾಮಿಯಲ್ಲಿ ಬಲ, ಜೋಳದಲ್ಲಿ ಎಡ.

ಈ ಭೇದ ಏಕೆ? 2001ರಲ್ಲಿ ಬಾದಾಮಿಯ ಕಿಣ್ವದ, 2002ರಲ್ಲಿ ಜೋಳದ ಕಿಣ್ವದ ರಚನೆ ಪ್ರಕಟವಾದಾಗ ಉತ್ತರ ಕಂಡಿತು. ಕಿಣ್ವದೊಳಗೆ ಒಂದು ಗೂಡಿದೆ. ಅದರಲ್ಲಿ ಆಲ್ಡಿಹೈಡ್ ಒಂದೇ ಭಂಗಿಯಲ್ಲಿ ಕೂರುವುದರಿಂದ ಸಯನೈಡ್ ಒಂದೇ ಮಗ್ಗುಲಿನಿಂದ ಬಂದು ಸೇರಬೇಕು. ಇನ್ನೊಂದು ಸೋಜಿಗವೆಂದರೆ, ಎರಡು ಕಿಣ್ವಗಳೂ ಬಂಧುಗಳಲ್ಲ. ಬಾದಾಮಿಯದು ಉತ್ಕರ್ಷಣ ನಡೆಸುವ ಕಿಣ್ವಗಳ ಕುಲದ್ದು, ಜೋಳದ್ದು ಪ್ರೋಟೀನ್ ಕತ್ತರಿಸುವ ಕಿಣ್ವಗಳ ಕುಲದ್ದು. ಬೇರೆ ಬೇರೆ ದಾರಿ ಹಿಡಿದು ಒಂದೇ ಕಸುಬಿಗೆ ಬಂದಿವೆ.

ಔಷಧ ತಯಾರಿಕೆಯಲ್ಲಿ ಈ ಎಡ–ಬಲಕ್ಕೆ ಬೆಲೆಯಿದೆ, ಏಕೆಂದರೆ ದೇಹ ಎರಡನ್ನೂ ಒಂದೇ ಸಮ ಕಾಣುವುದಿಲ್ಲ. ಹಾಗಾಗಿಯೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಫೆನ್‌ಬರ್ಗರ್ ಅವರ ತಂಡ ಜೋಳದ ಕಿಣ್ವದಿಂದ ‘ಎಸ್’ ರೂಪದ ವಸ್ತುಗಳನ್ನು ತಯಾರಿಸಿತು.

ಪ್ರಯೋಗಾಲಯಕ್ಕೆ ಉಪಕರಣವಾದ ಆ ಕಿಣ್ವ ಹೊಲದಲ್ಲಿ ಇಂದಿಗೂ ದನ ಕೊಲ್ಲುತ್ತದೆ. ಗಿಡ ಬಲಿತಂತೆ ವಿಷ ಇಳಿಯುತ್ತದೆ, ಚೆನ್ನಾಗಿ ಒಣಗಿದ ಸೊಪ್ಪೆಯಲ್ಲಿ ಇನ್ನೂ ಕಡಿಮೆ. ದನ ಬಿದ್ದರೆ ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚುಮದ್ದು ಉಳಿಸಬಲ್ಲದು. ಆದರೆ ಪಶುವೈದ್ಯರು ಬೇಗ ಮುಟ್ಟಬೇಕು. ಮಳೆ ತಪ್ಪಿದ ವರ್ಷ ಬೇಲಿ ಭದ್ರ ಮಾಡಿದವನೇ ಜಾಣ.