ಲಿಪ್ ಗಡಿಯಾರ ಕಾರ್ಖಾನೆಯ ಸ್ವಾಧೀನ ಹೋರಾಟ

ಪೂರ್ವ ಫ್ರಾನ್ಸಿನ ಬೆಜಾನ್ಸೊನ್ ನಗರದ ಲಿಪ್ ಕೈಗಡಿಯಾರ ಕಾರ್ಖಾನೆಯನ್ನು ಉಳಿಸಿಕೊಳ್ಳಲು ಅದರ ಕಾರ್ಮಿಕರು 1973ರಲ್ಲಿ ಆರಂಭಿಸಿದ ಹೋರಾಟವಿದು. ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕೂರುವ ಬದಲು ಅವರು ಒಳಗೇ ಉಳಿದರು. ಗಡಿಯಾರಗಳನ್ನು ತಾವೇ ತಯಾರಿಸಿದರು, ತಾವೇ ಮಾರಿದರು, ಬಂದ ಹಣದಲ್ಲಿ ಸಂಬಳದ ಬಟವಾಡೆಯನ್ನೂ ತಾವೇ ಮಾಡಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು ಸ್ಕಾಟ್ಲೆಂಡಿನ ಕ್ಲೈಡ್ ನದಿದಡದ ಹಡಗು ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಳ್ಳಲಿದ್ದ ಕಾರ್ಮಿಕರು ಕೆಲಸ ಬಿಡದೆ ಪ್ರತಿಭಟಿಸಿ ಗೆದ್ದಿದ್ದರು. ಲಿಪ್ ಕಾರ್ಮಿಕರು ಮಾರಾಟವನ್ನೂ ಹಣವನ್ನೂ ಕೈಗೆ ತೆಗೆದುಕೊಂಡು ಇನ್ನೂ ಮುಂದೆ ಹೋದರು.

ಲಿಪ್‌ಮನ್ ಕುಟುಂಬ 1867ರಲ್ಲಿ ಕಟ್ಟಿದ ಈ ಸಂಸ್ಥೆ ಫ್ರಾನ್ಸಿನ ಗಡಿಯಾರ ಉದ್ಯಮದ ಹೆಮ್ಮೆಯಾಗಿತ್ತು. 1950ರ ದಶಕದಲ್ಲೇ ಅದು ವಿದ್ಯುತ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ವಿದೇಶಿ ಪೈಪೋಟಿಯೆದುರು ಸಾಲ ಏರಿತು. 1967ರಲ್ಲಿ ಪಾಲು ಖರೀದಿಸಿದ ಸ್ವಿಸ್ ಸಂಸ್ಥೆ ಎಬೋಶ್ ಕ್ರಮೇಣ ಹಿಡಿತ ಸಾಧಿಸಿತು. 1971ರಲ್ಲಿ ಮಾಲೀಕ ಫ್ರೆಡ್ ಲಿಪ್ ಹೊರನಡೆಯಬೇಕಾಯಿತು. 1973ರ ಏಪ್ರಿಲ್‌ನಲ್ಲಿ ಮುಖ್ಯಸ್ಥರು ರಾಜೀನಾಮೆ ಕೊಟ್ಟಾಗ ಕಂಪನಿಗೆ ತಾತ್ಕಾಲಿಕ ಆಡಳಿತಾಧಿಕಾರಿಗಳು ಬಂದರು. ಸುಮಾರು 1,300 ಮಂದಿಯ ಭವಿಷ್ಯ ತೂಗಾಡತೊಡಗಿತು.

ಜೂನ್ 12ರಂದು ಕಾರ್ಮಿಕರು ಆ ಅಧಿಕಾರಿಗಳನ್ನು ಘೇರಾವ್ ಮಾಡಿದರು. ಒಬ್ಬರ ಚೀಲದಲ್ಲಿ ಸಿಕ್ಕ ಕಾಗದಗಳಲ್ಲಿ 400ಕ್ಕೂ ಹೆಚ್ಚು ಜನರನ್ನು ತೆಗೆದುಹಾಕುವ ಯೋಜನೆಯಿತ್ತು. ಕಾರ್ಮಿಕರಿಂದ ಮುಚ್ಚಿಟ್ಟಿದ್ದ ಸಂಗತಿ ಅದು. ಆ ರಾತ್ರಿ ಪೊಲೀಸರು ಅಧಿಕಾರಿಗಳನ್ನು ಬಿಡಿಸಿಕೊಂಡು ಹೋದರು. ಬರಿಗೈಯಲ್ಲಿ ಉಳಿದ ಕಾರ್ಮಿಕರು ದಾಸ್ತಾನಿನಲ್ಲಿದ್ದ ಸಾವಿರಾರು ಗಡಿಯಾರಗಳನ್ನು ಹೊರಗೆ ಸಾಗಿಸಿ ಬಚ್ಚಿಟ್ಟರು. ಮನುಷ್ಯರ ಬದಲು ಸರಕೇ ಒತ್ತೆಯಾಯಿತು.

ಜೂನ್ 18ರ ಮಹಾಸಭೆ ಉತ್ಪಾದನೆಯನ್ನು ಮತ್ತೆ ಆರಂಭಿಸಲು ತೀರ್ಮಾನಿಸಿತು. 'ತಯಾರಿಸುತ್ತೇವೆ, ಮಾರುತ್ತೇವೆ, ಸಂಬಳ ಪಡೆಯುತ್ತೇವೆ' ಎಂಬ ಘೋಷಣೆ ಕಾರ್ಖಾನೆಯ ಮೇಲೆ ಹಾರಾಡಿತು.

ಹೋರಾಟದ ನಿಜವಾದ ಶಕ್ತಿ ಅದರ ದಿನನಿತ್ಯದ ವ್ಯವಸ್ಥೆಯಲ್ಲಿತ್ತು. ತೀರ್ಮಾನಗಳು ಮಹಾಸಭೆಯಲ್ಲಿ ಎಲ್ಲರೆದುರು ಆಗುತ್ತಿದ್ದವು. ಮಾರಾಟ, ಉತ್ಪಾದನೆ, ಪ್ರಚಾರ, ಊಟದ ಏರ್ಪಾಡುಗಳಿಗೆ ಬೇರೆ ಬೇರೆ ಸಮಿತಿಗಳಿದ್ದವು. ಸಿ.ಎಫ್.ಡಿ.ಟಿ. ಮತ್ತು ಸಿ.ಜಿ.ಟಿ. ಕಾರ್ಮಿಕ ಸಂಘಗಳ ಜೊತೆಗೆ ಯಾವ ಸಂಘಕ್ಕೂ ಸೇರದವರಿಗೂ ಹೋರಾಟದ ಕ್ರಿಯಾ ಸಮಿತಿಯಲ್ಲಿ ಜಾಗವಿತ್ತು. ಸಿ.ಎಫ್.ಡಿ.ಟಿ.ಯ ಶಾರ್ಲ್ ಪಿಯಾಜೆ ಹೋರಾಟದ ಮುಖವಾಣಿಯಾದರು. ಕಾರ್ಮಿಕನಾಗಿ ದುಡಿಯುತ್ತಿದ್ದ ಪಾದ್ರಿ ಜಾಂ ರಗೆನೆಸ್ ಕ್ರಿಯಾ ಸಮಿತಿಯಲ್ಲಿ ಪ್ರಭಾವ ಬೀರಿದರು. ಗಡಿಯಾರ ಜೋಡಿಸುವ ಸಾಲುಗಳಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ಸಭೆಗಳಲ್ಲಿ ಗಂಡಸರ ಮಾತೇ ಮೇಲಾಗುವುದನ್ನು ಅವರು ಪ್ರಶ್ನಿಸಿದರು. ತಮ್ಮ ಅನುಭವಗಳನ್ನು ಬರೆದು ಪುಸ್ತಿಕೆಯಾಗಿ ಪ್ರಕಟಿಸಿದರು.

ಆಗಸ್ಟ್ ಆರಂಭದಲ್ಲಿ ಮೊದಲ ಬಟವಾಡೆ ನಡೆಯಿತು. ಅದೇ ತಿಂಗಳ ಮಧ್ಯದಲ್ಲಿ ಪೊಲೀಸರು ಕಾರ್ಖಾನೆಗೆ ನುಗ್ಗಿ ಎಲ್ಲರನ್ನೂ ಹೊರಹಾಕಿದರು. ಕಾರ್ಮಿಕರು ಹತ್ತಿರದ ವ್ಯಾಯಾಮಶಾಲೆಯೊಂದನ್ನು ಕೇಂದ್ರ ಮಾಡಿಕೊಂಡರು. ಕಾರ್ಮಿಕರು ಇರುವಲ್ಲೇ ಕಾರ್ಖಾನೆ ಎಂಬುದು ಅವರ ನಿಲುವಾಗಿತ್ತು. ಸೆಪ್ಟೆಂಬರ್ 29ರಂದು ಸುರಿಯುವ ಮಳೆಯಲ್ಲಿ ಸುಮಾರು ಒಂದು ಲಕ್ಷ ಜನ ಬೆಜಾನ್ಸೊನ್‌ನಲ್ಲಿ ಮೆರವಣಿಗೆ ನಡೆಸಿದರು. ಅಕ್ಟೋಬರ್‌ನಲ್ಲಿ ಸರ್ಕಾರದ ಸಂಧಾನ ಸೂತ್ರವನ್ನು ಕಾರ್ಮಿಕರು ಬಹುಮತದಿಂದ ತಿರಸ್ಕರಿಸಿದಾಗ ಪ್ರಧಾನಿ ಪಿಯೆರ್ ಮೆಸ್ಮೆರ್ ಲಿಪ್ ಕಥೆ ಮುಗಿಯಿತೆಂದು ಘೋಷಿಸಿದರು.

ಮುಗಿದಿರಲಿಲ್ಲ. 1974ರ ಜನವರಿ 29ರಂದು ದೋಲ್ ಪಟ್ಟಣದಲ್ಲಿ ಒಪ್ಪಂದವಾಯಿತು. ಹೊಸ ಮುಖ್ಯಸ್ಥ ಕ್ಲೋದ್ ನ್ಯೂಶ್ವಾಂಡರ್ ಕಾರ್ಮಿಕರನ್ನು ತಂಡತಂಡವಾಗಿ ಮರಳಿ ಸೇರಿಸಿಕೊಂಡರು. ಬಚ್ಚಿಟ್ಟಿದ್ದ ಸರಕನ್ನು ಕಾರ್ಮಿಕರು ಹಿಂದಿರುಗಿಸಿದರು. ಈ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. ತೈಲ ಬಿಕ್ಕಟ್ಟು ಆರ್ಥಿಕತೆಯನ್ನು ಹಿಂಡುತ್ತಿತ್ತು. ಸರ್ಕಾರಿ ಒಡೆತನದ ರೆನೋ ಕಾರು ಕಂಪನಿ ಗಡಿಯಾರಗಳ ಬೇಡಿಕೆಯನ್ನು ರದ್ದುಮಾಡಿತು. ಇದು ಕಂಪನಿಯನ್ನು ಮುಳುಗಿಸಲು ಕೈಗೊಂಡ ರಾಜಕೀಯ ತೀರ್ಮಾನವೆಂದು ನ್ಯೂಶ್ವಾಂಡರ್ ಮುಂದೆ ಆರೋಪಿಸಿದರು. 1976ರಲ್ಲಿ ಕಂಪನಿ ದಿವಾಳಿಯಾದಾಗ ಕಾರ್ಮಿಕರು ಎರಡನೇ ಬಾರಿ ಅದನ್ನು ವಶಪಡಿಸಿಕೊಂಡರು.

ಈ ಸಲ ಬಂಡವಾಳ ಹೂಡಲು ಯಾರೂ ಬರಲಿಲ್ಲ. 1977ರ ಕೊನೆಯಲ್ಲಿ ಕಾರ್ಮಿಕರು ಸಹಕಾರ ಸಂಘ ಸ್ಥಾಪಿಸಿ, ಕಾರ್ಖಾನೆಯಿದ್ದ ಬಡಾವಣೆಯ ಹೆಸರನ್ನು ಸೇರಿಸಿ 'ಲೆ ಇಂಡಸ್ಟ್ರಿ ದ ಪಾಲಾಂತ್' ಎಂದು ಕರೆದರು. ಮೊದಲಕ್ಷರಗಳನ್ನು ಕೂಡಿಸಿದರೆ ಹಳೆಯ ಲಿಪ್ ಹೆಸರೇ ಬರುತ್ತಿತ್ತು. ಎಲ್ಲ ಕಾರ್ಮಿಕರಿಗೂ ಅಲ್ಲಿ ಕೆಲಸ ಸಿಗಲಿಲ್ಲ. 1980ರ ದಶಕದಲ್ಲಿ ಆ ಸಹಕಾರ ಸಂಘವೂ ನಿಂತಿತು. ಈ ಹೋರಾಟದ ಕುರಿತು ಕ್ರಿಸ್ತಿಯಾಂ ರುವೋ ನಿರ್ದೇಶಿಸಿದ ಸಾಕ್ಷ್ಯಚಿತ್ರ 2007ರಲ್ಲಿ ತೆರೆಕಂಡಿತು. ಪಿಯಾಜೆ 2023ರ ನವೆಂಬರ್‌ನಲ್ಲಿ, 95ನೇ ವಯಸ್ಸಿನಲ್ಲಿ ನಿಧನರಾದರು.